ಬೆಕ್ಕಿನ ವಿಜ್ಞಾನದ ಚಿತ್ರಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಈ ಪುಸ್ತಕ ಓದಿದ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಅಜ್ಜಿಯರು, ಮೇಷ್ಟರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಪುಸ್ತಕದ ಬಗ್ಗೆ ಕೇಳಿದವರು ಕಡಿಮೆ, ತಮ್ಮ ಮನೆಯ ಬೆಕ್ಕಿನ ಬಗ್ಗೆ ಕೇಳಿದವರು ಹೆಚ್ಚು. ಹಾಗೇ ಆಗಲಿ ಎಂಬುದು ನಮ್ಮ ಆಸೆಯೂ ಆಗಿತ್ತು. ಉತ್ತರಗಳನ್ನು ಬರೆದವನು ಪುಸ್ತಕದ ಮಾತುಗಳನ್ನು ಬರೆದವನು. ಚಿತ್ರಕಾರರು ಮಿತಭಾಷಿ.

ಇದು ಕಥೆಯೋ, ಪಾಠವೋ?

ಕಥೆಯ ಮೈ, ಪಾಠದ ಮೂಳೆ. ಆಲ್ದೂರಿನ ಕಡೆಯ ಒಂದು ಕಾಫಿ ತೋಟ, ಅಲ್ಲೊಂದು ಹಂಚಿನ ಮನೆ. ಐದನೆಯ ತರಗತಿಯ ಸುಮಾ, ಅವಳ ಅಜ್ಜಿ, ಮೂರು ಬಣ್ಣದ ಹೆಣ್ಣುಬೆಕ್ಕು ಪುಟ್ಟಕ್ಕ. ಈ ಮೂವರೂ ಕಲ್ಪನೆಯವರು. ಪುಟ್ಟಕ್ಕನ ಮೈಯೊಳಗೆ ನಡೆಯುವುದೆಂದು ನಾವು ಬರೆದು ತೋರಿಸಿದ್ದು ಮಾತ್ರ ಕಲ್ಪನೆಯಲ್ಲ.

ಪುಟ್ಟಕ್ಕ ಯಾಕೆ ಮಾತನಾಡುವುದಿಲ್ಲ? ಬೇರೆ ಕಾಮಿಕ್ಸ್‌ಗಳಲ್ಲಿ ಪ್ರಾಣಿಗಳು ಮಾತನಾಡುತ್ತವೆ.

ಮಕ್ಕಳ ದೊಡ್ಡ ದೂರು ಇದೇ. ಬೆಕ್ಕಿನ ತಲೆಯ ಮೇಲೆ ಮಾತಿನ ಗುಳ್ಳೆ ಬರೆಯುವುದಿಲ್ಲ ಎಂದು ಮೊದಲ ಪುಟಕ್ಕೆ ಮುಂಚೆಯೇ ನಿರ್ಧಾರವಾಗಿತ್ತು. ಬೆಕ್ಕಿನ ಬಾಯಲ್ಲಿ ನಮ್ಮ ಮಾತು ಇಟ್ಟ ಕೂಡಲೇ ಓದುವ ಮಗು ಬೆಕ್ಕನ್ನು ಬಿಟ್ಟು ಗುಳ್ಳೆಯನ್ನು ನೋಡುತ್ತದೆ. ಪುಟ್ಟಕ್ಕನ ಕಿವಿ ಯಾವ ಕಡೆ ತಿರುಗಿದೆ, ಬಾಲದ ತುದಿ ಅಲುಗುತ್ತಿದೆಯೇ, ಕಣ್ಣಿನ ಪಾಪೆ ಗೆರೆಯಾಗಿದೆಯೇ ದುಂಡಾಗಿದೆಯೇ ಎಂದು ಹುಡುಕಿ ಓದಬೇಕು. ಅವಳ ಮಾತು ಅಷ್ಟೇ, ಅದು ಸಾಕಷ್ಟಿದೆ.

ಯಾವ ವಯಸ್ಸಿನವರಿಗೆ?

ಎಂಟರಿಂದ ಹದಿಮೂರು. ಓದಲು ಬಾರದ ಚಿಕ್ಕವರು ಚಿತ್ರ ನೋಡುತ್ತಾರೆ, ಅಜ್ಜಂದಿರು ಕನ್ನಡಕ ಹಾಕಿಕೊಂಡು ಅಡಿಟಿಪ್ಪಣಿ ಓದುತ್ತಾರೆ. ಇಬ್ಬರಿಗೂ ಅಡ್ಡಿಯಿಲ್ಲ.

ಕಾಮಿಕ್ಸ್ ಹಿಡಿದರೆ ಮಕ್ಕಳು ಪಠ್ಯಪುಸ್ತಕ ಬಿಡುತ್ತಾರೆ. ವಿಜ್ಞಾನಕ್ಕೆ ಇಷ್ಟೊಂದು ಚಿತ್ರ ಬೇಕೇ?

ಬೆಕ್ಕಿನ ವಿಜ್ಞಾನಕ್ಕೆ ಬೇಕೇ ಬೇಕು, ಏಕೆಂದರೆ ಅದರ ಬಹುಪಾಲು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಎತ್ತರದಿಂದ ಬಿದ್ದ ಬೆಕ್ಕು ಕಾಲಿನ ಮೇಲೇ ಇಳಿಯುವುದನ್ನು ತೆಗೆದುಕೊಳ್ಳಿ. ಗಾಳಿಯಲ್ಲಿರುವ ಬೆಕ್ಕಿಗೆ ಒದೆಯಲು ನೆಲವಿಲ್ಲ, ಹಿಡಿಯಲು ಕೊಂಬೆಯಿಲ್ಲ. ಸುತ್ತದೇ ಬೀಳಲು ಶುರುಮಾಡಿದ ವಸ್ತು ನಡುದಾರಿಯಲ್ಲಿ ತಾನಾಗಿ ಸುತ್ತುವುದು ಹೇಗೆ? ಬೀಳಿಸುವವನ ಕೈಯನ್ನೇ ಒದ್ದು ಬೆಕ್ಕು ತಿರುಗುವ ಬಲ ಪಡೆಯುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ವಾದಿಸುತ್ತಿದ್ದರು. 1894ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮರೇ ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ತೆಗೆದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಕೈ ಬಿಟ್ಟ ಮೇಲೆಯೇ ಬೆಕ್ಕು ತಿರುಗುವುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಸಾಲಾಗಿ ಜೋಡಿಸಿದ ಚೌಕಗಳು, ಎಡದಿಂದ ಬಲಕ್ಕೆ ಸಾಗುವ ಕಾಲ: ಅದು ಕಾಮಿಕ್ಸ್ ಅಲ್ಲದೆ ಮತ್ತೇನು?

ನಮ್ಮ ಪುಸ್ತಕದಲ್ಲಿ ಅದೇ ಕ್ರಮದಲ್ಲಿ ಅಟ್ಟದ ಮೆಟ್ಟಿಲಿನಿಂದ ಪುಟ್ಟಕ್ಕ ಜಾರುತ್ತಾಳೆ. ಮೊದಲ ಚೌಕದಲ್ಲಿ ಬೆನ್ನು ಕೆಳಗೆ. ಎರಡನೆಯದರಲ್ಲಿ ನಡು ಬಾಗಿದೆ, ಮುಂಗಾಲುಗಳು ಎದೆಗೆ ಸೇರಿವೆ, ಹಿಂಗಾಲುಗಳು ಚಾಚಿವೆ. ಮುದುಡಿದ ಮುಂಭಾಗ ಥಟ್ಟನೆ ತಿರುಗುತ್ತದೆ, ಚಾಚಿದ ಹಿಂಭಾಗ ಎದುರು ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಮೂರನೆಯದರಲ್ಲಿ ಎಲ್ಲ ಅದಲುಬದಲು: ಮುಂಗಾಲು ಚಾಚಿ, ಹಿಂಗಾಲು ಮುದುಡಿ, ಈಗ ಹಿಂಭಾಗದ ಸರದಿ. ನಾಲ್ಕನೆಯದರಲ್ಲಿ ನಾಲ್ಕೂ ಕಾಲು ಕೆಳಗೆ, ಬೆನ್ನು ಕಮಾನು. ಎಷ್ಟು ವೇಗವಾಗಿ ಸುತ್ತಿತು, ಮೈ ಎಷ್ಟು ಚಾಚಿತ್ತು ಎರಡನ್ನೂ ಲೆಕ್ಕ ಹಿಡಿದು ಎರಡು ಭಾಗಗಳ ಸುತ್ತನ್ನು ಕೂಡಿಸಿ ಕಳೆದರೆ ಯಾವ ಕ್ಷಣದಲ್ಲೂ ಸೊನ್ನೆಯೇ, ಆದ್ದರಿಂದ ಹೊರಗಿನ ಆಸರೆಯಿಲ್ಲದೆ ಒಟ್ಟು ಸುತ್ತು ಹುಟ್ಟದು ಎಂಬ ನಿಯಮವೇನೂ ಮುರಿಯಲಿಲ್ಲ. ಇದರ ಪೂರ್ಣ ಗಣಿತ ಕೇನ್ ಮತ್ತು ಶೇರ್ ಎಂಬ ಇಬ್ಬರಿಂದ ಬಂದದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ. ಬಾಲದ ಸಹಾಯ ಅಗತ್ಯವಿಲ್ಲ. ಬಾಲವೇ ಇಲ್ಲದ ಮ್ಯಾಂಕ್ಸ್ ತಳಿಯ ಬೆಕ್ಕುಗಳೂ ಹೀಗೆಯೇ ಇಳಿಯುತ್ತವೆ.

ಇದನ್ನು ಒಂದು ಪ್ಯಾರಾದಲ್ಲಿ ಓದಿ ಅರ್ಥಮಾಡಿಕೊಂಡೆ ಎನ್ನುವ ಹತ್ತು ವರ್ಷದ ಮಗುವನ್ನು ನಾನು ನಂಬುವುದಿಲ್ಲ. ಚಿತ್ರದ ಸಾಲಿನಲ್ಲಿ ಕಥೆ ಹೇಳುವುದು ನಮ್ಮ ಕಡೆಗೆ ಹೊಸತೂ ಅಲ್ಲ. ಹಳೇಬೀಡಿನ ಗೋಡೆಯ ಪಕ್ಕ ನಡೆಯುತ್ತಾ ಹೋದರೆ ರಾಮಾಯಣ, ಮಹಾಭಾರತ ಚೌಕ ಚೌಕವಾಗಿ ಮುಂದೆ ಸಾಗುತ್ತವೆ. ಅದನ್ನು ನೋಡಿ ಯಾರ ಓದೂ ಕೆಟ್ಟಂತೆ ಕಾಣುವುದಿಲ್ಲ.

ಆ ಪುಟ ಓದಿದ ಮೇಲೆ ನಮ್ಮ ಮಗ ಬೆಕ್ಕನ್ನು ಎತ್ತಿಕೊಂಡು ಮಹಡಿ ಹತ್ತಿದ್ದಾನೆ. ಏನು ಮಾಡಲಿ?

ಮೊದಲು ಬೆಕ್ಕನ್ನು ಇಳಿಸಿಕೊಳ್ಳಿ. ಆ ಪುಟದ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲಿದೆ, ಮಕ್ಕಳು ಅದನ್ನೇ ಬಿಟ್ಟು ಓದುತ್ತಾರೆ. ಬೆಕ್ಕನ್ನು ಬೀಳಿಸಿ ನೋಡುವ ಚಟ ದೊಡ್ಡವರನ್ನೂ ಬಿಟ್ಟಿರಲಿಲ್ಲ. ವಿದ್ಯುತ್ಕಾಂತೀಯ ಸಿದ್ಧಾಂತದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕೇಂಬ್ರಿಜ್‌ನಲ್ಲಿ ಇದ್ದಾಗ ಬೆಕ್ಕುಗಳನ್ನು ಎಸೆಯುತ್ತಿದ್ದರು ಎಂಬ ಕಥೆ ಅಲ್ಲಿ ಹಬ್ಬಿತ್ತು. ಬೆಕ್ಕು ಎಷ್ಟು ಬೇಗ ತಿರುಗುತ್ತದೆ ಎಂದು ತಿಳಿಯುವುದಷ್ಟೇ ಉದ್ದೇಶವಾಗಿತ್ತು ಎಂದು ಅವರು 1870ರಲ್ಲಿ ಹೆಂಡತಿಗೆ ಪತ್ರ ಬರೆದು ಸಮಜಾಯಿಷಿ ಕೊಟ್ಟರು. ನಿಮ್ಮ ಮಗನಿಗೆ ಆ ಸಮಜಾಯಿಷಿ ನಡೆಯದು, ಉತ್ತರ ಈಗಾಗಲೇ ಪುಸ್ತಕದಲ್ಲಿದೆ.

ಎತ್ತರದಿಂದ ಬಿದ್ದರೂ ಬೆಕ್ಕಿಗೆ ಏನೂ ಆಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ನ್ಯೂಯಾರ್ಕಿನಲ್ಲಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವರದಿ 1987ರಲ್ಲಿ ಬಂತು, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90 ಬದುಕಿದವು. ಆದರೆ ಅವು ಆಸ್ಪತ್ರೆಗೆ ತಂದ ಬೆಕ್ಕುಗಳು. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಹಾಗೆ ಸತ್ತವುಗಳ ಲೆಕ್ಕ ಎಲ್ಲಿ ಎಂದು ಪುಸ್ತಕದಲ್ಲಿ ಸುಮಾ ಕೇಳುತ್ತಾಳೆ, ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟವಾದ ಚೌಕ ಅದು.

ನಾವು ಸಸ್ಯಾಹಾರಿಗಳು. ನಮ್ಮ ಬೆಕ್ಕು ಮೊಸರನ್ನ ತಿಂದು ಚೆನ್ನಾಗಿಯೇ ಇದೆ. ಮಾಂಸವಿಲ್ಲದೆ ಬೆಕ್ಕು ಬದುಕದು ಎಂದು ನೀವು ಬರೆದಿರುವುದು ಸರಿಯೇ?

ಸರಿ. ನಿಮ್ಮ ಬೆಕ್ಕು ನಿಮ್ಮ ಕಣ್ಣೆದುರು ಮೊಸರನ್ನ ತಿನ್ನುತ್ತದೆ. ಅಟ್ಟದ ಇಲಿ, ಗೋಡೆಯ ಹಲ್ಲಿ, ಅಂಗಳದ ಮಿಡತೆಯನ್ನು ನಿಮ್ಮನ್ನು ಕೇಳಿ ತಿನ್ನುವುದಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಏರ್ಪಾಡು ಇದು: ಮಡಿಯೂ ಕೆಡಲಿಲ್ಲ, ಬೆಕ್ಕೂ ಬಡವಾಗಲಿಲ್ಲ.

ಕಷ್ಟ ಶುರುವಾಗುವುದು ಅದೇ ಬೆಕ್ಕನ್ನು ಹಾಸನದ ಪೇಟೆಯ ಮೂರನೆಯ ಮಹಡಿಗೆ ತಂದು ಬಾಗಿಲು ಹಾಕಿದಾಗ. ಟೌರಿನ್ ಎಂಬ ಪದಾರ್ಥವನ್ನು ನಮ್ಮ ಮೈ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ಮೈಗೆ ಬೇಕಾದಷ್ಟು ತಯಾರಿಸಲು ಆಗುವುದಿಲ್ಲ. ಅದು ಮಾಂಸ, ಮೀನಿನಲ್ಲಿ ಇದೆ. ಅಕ್ಕಿ, ಬೇಳೆಯಲ್ಲಿ ಇಲ್ಲ. ಕೊರತೆಯಾದರೆ ಕಣ್ಣಿನ ಅಕ್ಷಿಪಟ ನಿಧಾನವಾಗಿ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುತ್ತದೆ. ಹೃದಯದ ಈ ನಂಟು ಪತ್ತೆಯಾದದ್ದು 1987ರಲ್ಲಿ, ಆಮೇಲೆ ಬೆಕ್ಕಿನ ಸಿದ್ಧ ಆಹಾರದಲ್ಲಿ ಟೌರಿನ್ ಪ್ರಮಾಣ ಹೆಚ್ಚಿಸಿದರು. ಕ್ಯಾರೆಟ್ಟಿನ ಹಳದಿ ಬಣ್ಣವನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದೂ ಬೆಕ್ಕಿಗೆ ಆಗದು, ಸಿದ್ಧವಾದ ಎ ಜೀವಸತ್ವವೇ ಬೇಕು. ಊಟದಲ್ಲಿ ಪ್ರೋಟೀನ್ ಕಡಿಮೆಯಾದರೆ ನಮ್ಮ ಯಕೃತ್ತು ಪ್ರೋಟೀನ್ ಒಡೆಯುವ ಕೆಲಸವನ್ನು ತಗ್ಗಿಸುತ್ತದೆ. ಬೆಕ್ಕಿನದು ಅಷ್ಟಾಗಿ ತಗ್ಗಿಸುವುದಿಲ್ಲ.

ಮನೆಯಲ್ಲಿ ಮಾಂಸ ಬೇಯಿಸಬೇಕೆಂದಿಲ್ಲ. ಬೆಕ್ಕಿಗೆ ಪರಿಪೂರ್ಣ ಆಹಾರ ಎಂದು ಚೀಟಿಯಲ್ಲಿ ಬರೆದಿರುವ ಸಿದ್ಧ ಆಹಾರ ಅಂಗಡಿಯಲ್ಲಿ ಸಿಗುತ್ತದೆ. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಹುಳಿ ಬೆಕ್ಕಿನ ತಟ್ಟೆಗೆ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಇನ್ನೊಂದು ಮಾತು, ಹಬ್ಬದ ದಿನ ಉಪಯೋಗಕ್ಕೆ ಬರುತ್ತದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕವನ್ನು ಕಟ್ಟುವ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕಿನ ವಂಶದಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ತಿಳಿಯಿತು. ನಿಮ್ಮ ಬೆಕ್ಕು ಹೋಳಿಗೆಯ ತಟ್ಟೆ ನೆಕ್ಕಿದರೆ ಅದು ತುಪ್ಪಕ್ಕಾಗಿ.

ಹಾಗಾದರೆ ಹಾಲು?

ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುವ ತೆನಾಲಿ ರಾಮನ ಬೆಕ್ಕೇ ಜಾಣ ಎನ್ನಬೇಕು. ಮರಿಯಾಗಿದ್ದಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಬೆಕ್ಕಿನ ಕರುಳಿನಲ್ಲಿ ಧಾರಾಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಅದು ಇಳಿಯುತ್ತದೆ. ದೊಡ್ಡ ಬೆಕ್ಕಿಗೆ ಬಟ್ಟಲು ತುಂಬ ಹಾಲು ಕೊಟ್ಟರೆ ಬಹಳಷ್ಟು ಬೆಕ್ಕುಗಳಿಗೆ ಭೇದಿಯಾಗುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ಆದ್ದರಿಂದ ಸ್ವಲ್ಪ ಮೊಸರು ನಡೆಯುತ್ತದೆ. ಕುಡಿಯಲು ನೀರು ಇಡಿ.

ಕುಡಿಯುವ ಬಗೆ ನೋಡುವಂಥದ್ದು. ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಹಾಲಿನ ಮೇಲ್ಮೈಯನ್ನು ಮುಟ್ಟುತ್ತದೆ ಅಷ್ಟೇ, ಒಳಗೆ ಮುಳುಗುವುದಿಲ್ಲ. ನಾಲಿಗೆ ಮೇಲೆದ್ದಾಗ ಅದಕ್ಕಂಟಿಕೊಂಡು ಹಾಲಿನ ಸಣ್ಣದೊಂದು ಕಂಬ ಏಳುತ್ತದೆ, ಅದು ಕುಸಿಯುವ ಮೊದಲೇ ಬೆಕ್ಕು ಬಾಯಿ ಮುಚ್ಚುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸಲ. ಇದನ್ನು ಬಿಡಿಸಿ ತೋರಿಸಿದ ಸಂಶೋಧನೆ 2010ರದು. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದರೆ ಅಡುಗೆಮನೆಯ ಮೂಲೆಯಲ್ಲೇ ಕಂಬ ಕಾಣುತ್ತದೆ. ನೀರಿನ ಬಟ್ಟಲಾದರೂ ಸಾಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಯೇ ಎಂಬುದನ್ನೂ ಅಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.

ಪುಟ್ಟಕ್ಕನಿಗೆ ಮೂರು ಬಣ್ಣ ಯಾಕೆ? ಮೂರು ಬಣ್ಣದವೆಲ್ಲ ಹೆಣ್ಣೇ ಎಂದು ಅಜ್ಜಿ ಹೇಳುತ್ತಾರೆ.

ಅಜ್ಜಿ ಹೇಳಿದ್ದು ಬಹುಮಟ್ಟಿಗೆ ಸರಿ. ಪುಸ್ತಕದ ಅತ್ಯಂತ ಉದ್ದದ ಅಧ್ಯಾಯವೂ ಇದೇ.

ಬೆಕ್ಕಿನ ಕೇಸರಿ ಬಣ್ಣವನ್ನು ತೀರ್ಮಾನಿಸುವ ಜೀನ್ ಎಕ್ಸ್ ಎಂಬ ವರ್ಣತಂತುವಿನ (ಜೀನ್‌ಗಳನ್ನು ಹೊತ್ತ ಎಳೆ) ಮೇಲಿದೆ. ಗಂಡಿಗೆ ಎಕ್ಸ್ ಒಂದೇ: ಅದು ಕೇಸರಿಯನ್ನು ಹೊತ್ತಿದ್ದರೆ ಬೆಕ್ಕು ಕೇಸರಿ, ಇಲ್ಲದಿದ್ದರೆ ಕಪ್ಪೋ ಬೂದಿಯೋ. ಹೆಣ್ಣಿಗೆ ಎಕ್ಸ್ ಎರಡು, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಂದರಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಇದ್ದರೆ? ಭ್ರೂಣ ಇನ್ನೂ ಪುಟ್ಟ ಜೀವಕೋಶಗಳ ಗುಂಪಾಗಿರುವಾಗಲೇ ಪ್ರತಿಯೊಂದು ಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಎಂಬುದು ಅದೃಷ್ಟದಾಟ. ಆದರೆ ಒಮ್ಮೆ ಮುಚ್ಚಿದ ಮೇಲೆ ಆ ಕೋಶದಿಂದ ಹುಟ್ಟುವ ಎಲ್ಲ ಕೋಶಗಳಲ್ಲೂ ಅದೇ ಎಕ್ಸ್ ಮುಚ್ಚಿರುತ್ತದೆ. ಹಾಗಾಗಿ ಮೈಮೇಲೆ ಇಲ್ಲೊಂದು ಕೇಸರಿ ಪಟ್ಟೆ, ಅಲ್ಲೊಂದು ಕಪ್ಪು ಪಟ್ಟೆ. ಬಿಳಿ ಬೇರೆಯೇ ಜೀನ್‌ನ ಕೆಲಸ, ಬಣ್ಣ ಕೊಡುವ ಕೋಶಗಳು ತಲುಪದೇ ಉಳಿದ ಜಾಗ ಅದು.

ಮುಚ್ಚಿದ ಎಕ್ಸ್ ಸೂಕ್ಷ್ಮದರ್ಶಕದಲ್ಲಿ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಮೊದಲು ಕಂಡದ್ದು ಹೆಣ್ಣುಬೆಕ್ಕಿನ ನರಕೋಶದಲ್ಲೇ, ಕೆನಡಾದ ಮರ್ರೆ ಬಾರ್ ಅವರ ಪ್ರಯೋಗಶಾಲೆಯಲ್ಲಿ, 1949ರಲ್ಲಿ. ಆ ಚುಕ್ಕೆಯ ಅರ್ಥವೇನು ಎಂಬುದನ್ನು ಒಳಗೊಂಡ ವಿವರಣೆಯನ್ನು 1961ರಲ್ಲಿ ಬ್ರಿಟನ್ನಿನ ಮೇರಿ ಲಯನ್ ಕೊಟ್ಟರು, ಇಲಿಗಳ ಮೈಬಣ್ಣ ನೋಡಿ. ಕೇಸರಿಯ ಜೀನ್ ನಿಖರವಾಗಿ ಯಾವುದು ಎಂಬುದು ಮಾತ್ರ ತೀರಾ ಈಚಿನ ಸುದ್ದಿ: ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು. ಎಕ್ಸ್ ಮೇಲೆ ಒಂದು ಜೀನ್‌ನ ಸಮೀಪ ಸಣ್ಣದೊಂದು ತುಣುಕು ಬಿಟ್ಟುಹೋಗಿರುವುದೇ ಕೇಸರಿಗೆ ಕಾರಣ.

ಮೂರು ಬಣ್ಣದ ಗಂಡುಬೆಕ್ಕು ಅಪರೂಪಕ್ಕೆ ಹುಟ್ಟುತ್ತದೆ. ಸಾಮಾನ್ಯವಾಗಿ ಅದಕ್ಕೆ ಎರಡು ಎಕ್ಸ್, ಜೊತೆಗೆ ಗಂಡಾಗಿಸುವ ವೈ ವರ್ಣತಂತು ಒಂದು ಇರುತ್ತವೆ. ಅಂಥದಕ್ಕೆ ಬಹುಮಟ್ಟಿಗೆ ಮರಿಗಳಾಗುವುದಿಲ್ಲ. ಇನ್ನು ನನ್ನ ಮೆಚ್ಚಿನ ಪ್ರಸಂಗ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಜಗತ್ತಿನ ಮೊದಲ ತದ್ರೂಪಿ (ಕ್ಲೋನ್) ಬೆಕ್ಕು ಹುಟ್ಟಿತು. ಅದರ ಮೂಲ ಬೆಕ್ಕು ಮೂರು ಬಣ್ಣದ್ದು. ತದ್ರೂಪಿಯ ಮೈಯಲ್ಲಿ ಕೇಸರಿಯ ಸುಳಿವೇ ಇರಲಿಲ್ಲ! ವರ್ಣತಂತುಗಳೆಲ್ಲ ಅವೇ, ಬಟ್ಟೆ ಬೇರೆ. ಚಿತ್ರಕಾರರು ಆ ಎರಡು ಬೆಕ್ಕುಗಳನ್ನು ಎದುರುಬದುರು ಕೂರಿಸಿ ಒಂದು ಅಕ್ಷರವನ್ನೂ ಬರೆಯದೆ ಪುಟ ಮುಗಿಸಿದ್ದಾರೆ, ನನ್ನ ಮಾತನ್ನೆಲ್ಲ ಹೊಡೆದುಹಾಕಿ.

ಬೆಕ್ಕು ಗುರ್ ಗುರ್ ಎನ್ನುವುದು ಹೇಗೆ? ಭದ್ರಾ ಕಾಡಿನ ಹುಲಿಯೂ ಹಾಗೆ ಮಾಡುತ್ತದೆಯೇ?

ಗುರುಗುಟ್ಟುವ ಸದ್ದು ಗಂಟಲಿನ ಧ್ವನಿಪೆಟ್ಟಿಗೆಯಿಂದ ಬರುತ್ತದೆ, ಉಸಿರು ಎಳೆದಾಗಲೂ ಬಿಟ್ಟಾಗಲೂ. ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಕಂಪನ. ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ತಗ್ಗಿನ ಸ್ವರ ಹೇಗೆ ಸಾಧ್ಯ? ಮೆದುಳು ಆ ಸ್ನಾಯುಗಳನ್ನು ಒಂದೇ ಸಮನೆ ಬಿಗಿಸಿ ಸಡಿಲಿಸುತ್ತದೆ ಎಂಬುದು ಹಳೆಯ ಉತ್ತರ. 2023ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕಾಯಿಲೆಯಿಂದ ಕೊನೆಯುಸಿರೆಳೆದ ಬೆಕ್ಕುಗಳ ಧ್ವನಿಪೆಟ್ಟಿಗೆಗೆ ಗಾಳಿ ಊದಿ ನೋಡಿದರು. ಮೆದುಳಿನ ಆಜ್ಞೆ ಇಲ್ಲದೆಯೂ ಆ ಸದ್ದು ಬಂತು. ಧ್ವನಿಮಡಿಕೆಗಳ ಒಳಗೆ ಇರುವ ದಪ್ಪನೆಯ ಅಂಗಾಂಶದ ದಿಂಬುಗಳು ಕಂಪನವನ್ನು ನಿಧಾನ ಮಾಡುತ್ತಿರಬಹುದು ಎಂಬುದು ಅವರ ವಿವರಣೆ. ಜೀವಂತ ಬೆಕ್ಕಿನಲ್ಲಿ ಮೆದುಳಿನ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ, ಪುಸ್ತಕದ ಆ ಪುಟದ ಕೊನೆಯ ಚೌಕವನ್ನು ಖಾಲಿ ಬಿಟ್ಟಿದ್ದೇವೆ. ನೋವಿನಲ್ಲಿರುವ ಬೆಕ್ಕೂ, ಮರಿಹಾಕುತ್ತಿರುವ ಬೆಕ್ಕೂ ಗುರುಗುಟ್ಟುತ್ತವೆ, ಆದ್ದರಿಂದ ಅದು ಸಂತೋಷದ ಗುರುತು ಮಾತ್ರ ಅಲ್ಲ.

ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಯ ಹುಲಿಗೂ ಚಿರತೆಗೂ ಗರ್ಜನೆ ಗೊತ್ತು, ಬೆಕ್ಕಿನ ಹಾಗೆ ಎಡೆಬಿಡದೆ ಗುರುಗುಟ್ಟಲು ಬಾರದು. ಸ್ನೇಹ ತೋರಿಸಬೇಕಾದರೆ ಹುಲಿ ಮೂಗಿನಿಂದ ಫುರ್ ಫುರ್ ಎಂದು ಗಾಳಿ ಬಿಡುತ್ತದೆ. ಇದನ್ನು ಹತ್ತಿರ ಹೋಗಿ ಖಚಿತಪಡಿಸಿಕೊಳ್ಳುವ ಅಗತ್ಯವಿಲ್ಲ.

ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುತ್ತದಲ್ಲ?

ಅಕ್ಷಿಪಟದ ಹಿಂದೆ ಬೆಳಕನ್ನು ಹಿಂದಕ್ಕೆ ಕಳಿಸುವ ಪದರವೊಂದಿದೆ. ಮೊದಲ ಸಲ ತಪ್ಪಿಸಿಕೊಂಡ ಬೆಳಕನ್ನು ಕಣ್ಣು ಎರಡನೆಯ ಸಲ ಹಿಡಿಯುತ್ತದೆ. ಆಗಲೂ ತಪ್ಪಿಸಿಕೊಂಡದ್ದು ನಿಮ್ಮ ಟಾರ್ಚಿನ ಕಡೆ ಹೊಳಪಾಗಿ ಬರುತ್ತದೆ. ಹಗಲಿನಲ್ಲಿ ಇಷ್ಟು ಸೂಕ್ಷ್ಮದ ಕಣ್ಣನ್ನು ಕಾಪಾಡುವುದು ಗೆರೆಯಂತೆ ಮುಚ್ಚುವ ಪಾಪೆ. ನಮ್ಮ ದುಂಡು ಪಾಪೆ ಹಿಗ್ಗಿ ಕುಗ್ಗಿ ತನ್ನ ವಿಸ್ತೀರ್ಣವನ್ನು ಸುಮಾರು 15 ಪಟ್ಟು ಬದಲಿಸಬಲ್ಲದು, ಬೆಕ್ಕಿನದು 135 ಪಟ್ಟು.

ಆದರೆ ತೀರಾ ಹತ್ತಿರದ್ದು ಬೆಕ್ಕಿಗೆ ಮಸುಕು. ಮೂಗಿನ ಕೆಳಗೇ ಮೀನಿನ ತುಣುಕು ಇಟ್ಟರೆ ಅದು ಕಣ್ಣಿನಿಂದ ಹುಡುಕದೆ ಮೂಸುತ್ತದೆ, ಮೀಸೆಗಳನ್ನು ಮುಂದಕ್ಕೆ ಚಾಚುತ್ತದೆ. ಮೀಸೆಯ ಬುಡದಲ್ಲಿ ನರಗಳ ದಟ್ಟಣೆಯಿದೆ. ಮೀಸೆ ಕತ್ತರಿಸುವ ಚೇಷ್ಟೆ ಮಾಡಬಾರದು ಎಂದು ಅಜ್ಜಿ ಸುಮಾಳಿಗೆ ಗದರಿಸುವುದು ಇದೇ ಕಾರಣಕ್ಕೆ.

ಹಿತ್ತಲಿನಲ್ಲಿ ಕುಪ್ಪಿ ಗಿಡ ಕಿತ್ತಾಗ ನಮ್ಮ ಬೆಕ್ಕು ಅದರ ಬೇರಿನ ಮೇಲೆ ಹೊರಳಾಡಿತು. ಹುಚ್ಚು ಹಿಡಿದಿದೆಯೇ?

ಹುಚ್ಚಲ್ಲ. ಹೊರದೇಶದ ಪುಸ್ತಕಗಳಲ್ಲಿ ಬೆಕ್ಕುಗಳನ್ನು ಮರುಳುಮಾಡುವ ಕ್ಯಾಟ್‌ನಿಪ್ ಎಂಬ ಪುದೀನ ಜಾತಿಯ ಗಿಡದ ವರ್ಣನೆ ಬರುತ್ತದೆ. ನಮ್ಮ ಹಿತ್ತಲಿನಲ್ಲಿ ಆ ಕೆಲಸ ಮಾಡುವುದು ಕುಪ್ಪಿ ಗಿಡ. ಗಿಡ ನೆಲದಲ್ಲಿರುವಾಗ ಬೆಕ್ಕು ಅದರತ್ತ ಸುಳಿಯುವುದೂ ಇಲ್ಲ, ಬೇರು ಹೊರಬಂದಾಗ ಮೂಸಿ, ಕೆನ್ನೆ ಉಜ್ಜಿ, ಉರುಳುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು ಏನೂ ಆಗದವರಂತೆ ಹೋಗುತ್ತದೆ. ಕ್ಯಾಟ್‌ನಿಪ್‌ಗೆ ಸುಮಾರು ಮೂರನೆಯ ಒಂದು ಭಾಗದ ಬೆಕ್ಕುಗಳು ಸ್ಪಂದಿಸುವುದೇ ಇಲ್ಲ, ಅದು ಹುಟ್ಟಿನಿಂದ ಬರುವ ಗುಣ. ಪುಸ್ತಕದಲ್ಲಿ ನಮ್ಮ ಗಿಡವನ್ನೇ ಬರೆಯಿಸಬೇಕೆಂದು ನಾನು ಹಟ ಹಿಡಿದೆ. ಮಕ್ಕಳು ಅದನ್ನು ಬಾಯಿಗೆ ಹಾಕಬಾರದು.

ತೋಟದಲ್ಲಿ ಚುಕ್ಕೆ ಚುಕ್ಕೆಯ ಬೆಕ್ಕಿನ ಮರಿ ಸಿಕ್ಕಿದೆ. ಸಾಕಬಹುದೇ?

ಬೇಡ. ಕಾಫಿ ತೋಟಗಳಲ್ಲಿ ಚಿರತೆ ಬೆಕ್ಕು ವಾಸಿಸುತ್ತದೆ. ಗಾತ್ರ ಮನೆಯ ಬೆಕ್ಕಿನಷ್ಟೇ, ಕಾಲು ಸ್ವಲ್ಪ ಉದ್ದ, ಕಿವಿಯ ಹಿಂಬದಿಯಲ್ಲಿ ಕಪ್ಪಿನ ನಡುವೆ ಬಿಳಿ ಮಚ್ಚೆ. ತುಕ್ಕಿನ ಬಣ್ಣದ ಚುಕ್ಕೆಗಳ ಇನ್ನೊಂದು ಕಾಡಿನ ಬೆಕ್ಕು ಇನ್ನೂ ಚಿಕ್ಕದು, ದೊಡ್ಡದಾದರೂ ಒಂದೂವರೆ ಕಿಲೋ ಆಸುಪಾಸು. ಜಗತ್ತಿನ ಅತಿ ಸಣ್ಣ ಬೆಕ್ಕುಗಳಲ್ಲಿ ಒಂದಾದ ಅದು ಭಾರತ, ಶ್ರೀಲಂಕಾ, ನೇಪಾಳಗಳಲ್ಲಿ ಮಾತ್ರ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವನ್ನು ರಕ್ಷಿಸುತ್ತದೆ, ಸಾಕುವುದು ಅಪರಾಧ. ಕಳೆ ತೆಗೆಯುವಾಗ ಮರಿ ಕಂಡರೆ ಮುಟ್ಟದೆ ದೂರ ಸರಿಯಿರಿ, ತಾಯಿ ಹೆಚ್ಚಾಗಿ ಹತ್ತಿರದಲ್ಲೇ ಇದ್ದು ಕತ್ತಲಾದ ಮೇಲೆ ಬರುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಣ್ಣಾದ ಕಾಫಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿಟ್ಟುಹೋಗುವ ಮರಬೆಕ್ಕು, ಪುನುಗು ಬೆಕ್ಕು ಇವೆರಡೂ ಬೆಕ್ಕಿನ ಕುಟುಂಬದವಲ್ಲ, ಬೇರೆ ಕುಟುಂಬ. ಹೆಸರು ನೋಡಿ ಮೋಸಹೋಗಬೇಡಿ.

ಮನೆಯ ಬೆಕ್ಕು ಮೂಲತಃ ಎಲ್ಲಿಯದು?

ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಕಾಡುಬೆಕ್ಕು ಫೆಲಿಸ್ ಲೈಬಿಕಾ ಇದರ ಪೂರ್ವಜ ಎಂದು 2007ರ ವಂಶವಾಹಿ ಅಧ್ಯಯನ ತೋರಿಸಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದಾರೆ. ಆ ದ್ವೀಪದಲ್ಲಿ ಸ್ಥಳೀಯ ಬೆಕ್ಕು ಇರಲಿಲ್ಲ, ಅಂದರೆ ಯಾರೋ ದೋಣಿಯಲ್ಲಿ ಒಯ್ದದ್ದು. ಧಾನ್ಯದ ಕಣಜವಾಯಿತು, ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು.

ಬೆಕ್ಕು ಅಡ್ಡ ಬಂದರೆ?

ಬೆಕ್ಕು ಎಲ್ಲಿಗೋ ಹೊರಟಿದೆ ಎಂದರ್ಥ. ಗಾಡಿಯ ವೇಗ ಕಡಿಮೆ ಮಾಡಿ.

ಕಚ್ಚಿದರೆ, ಪರಚಿದರೆ? ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕು ಇರಬಹುದೇ?

ಈ ಪುಟದಲ್ಲಿ ಇದೊಂದನ್ನಾದರೂ ದೊಡ್ಡವರು ಓದಬೇಕು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂದುಕೊಂಡವರು ಬಹಳ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದ ಅಥವಾ ಪರಚಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತಬೇಡಿ. ಬೆಕ್ಕಿಗೂ ಪ್ರತಿವರ್ಷ ಲಸಿಕೆ ಹಾಕಿಸಿ.

ಗರ್ಭಿಣಿಯರು ಹೆದರುವ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಬೆಕ್ಕಿನ ಮಲದಲ್ಲಿ ಹೊರಬರುತ್ತದೆ ನಿಜ. ಸಾಮಾನ್ಯವಾಗಿ ಬೆಕ್ಕಿಗೆ ಮೊದಲ ಸಲ ಸೋಂಕಾದಾಗ ಒಂದೆರಡು ವಾರ ಮಾತ್ರ. ಹೊರಬಿದ್ದ ಮೇಲೆ ಸೋಂಕು ತಗುಲಿಸುವ ಹಂತಕ್ಕೆ ಬರಲು ಅದಕ್ಕೆ ಒಂದು ದಿನವಾದರೂ ಬೇಕು. ಹಾಗಾಗಿ ಮಲವನ್ನು ದಿನವೂ ತೆಗೆದುಹಾಕಿ, ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಇದು ಬರುತ್ತದೆ. ಬೆಕ್ಕನ್ನು ಮನೆಯಿಂದ ಓಡಿಸಿ ಸೊಪ್ಪು ತೊಳೆಯದಿದ್ದರೆ ಏನು ಸಾಧಿಸಿದಂತಾಯಿತು?

ನಮ್ಮಿಂದ ಬೆಕ್ಕಿಗೆ ಆಗುವ ಅಪಾಯವೂ ಇದೆ. ಜ್ವರ ಬಂದಿದೆ ಎಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು, ಅದನ್ನು ಕಳೆಯುವ ಕಿಣ್ವ ಅದರ ಯಕೃತ್ತಿನಲ್ಲಿ ಸಾಲದು. ನೆಲಕ್ಕೆ ಫಿನೈಲ್ ಹಾಕಿ ಒಣಗುವ ಮೊದಲೇ ಬೆಕ್ಕು ನಡೆದು ಪಾದ ನೆಕ್ಕಿದರೂ ವಿಷವೇ. ನಾಯಿಯ ಉಣ್ಣೆಹುಳಕ್ಕೆಂದು ತಂದ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಸೋಕಬಾರದು. ತೋಟದಲ್ಲಿ ಇಲಿಪಾಷಾಣ ಇಟ್ಟವರು ನೆನಪಿಡಬೇಕಾದ್ದು: ಪಾಷಾಣ ತಿಂದು ತೂಗಾಡುವ ಇಲಿಯೇ ಬೆಕ್ಕಿಗೆ ಸುಲಭದ ಬೇಟೆ. ಏನಾದರೂ ಅನುಮಾನ ಬಂದರೆ ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಬೆಕ್ಕಿಗೆ ತನ್ನ ಹೆಸರು ಗೊತ್ತೇ? ಕರೆದರೆ ಬರುವುದಿಲ್ಲ.

ಗೊತ್ತು. ಬರುವುದು ಬಿಡುವುದು ಬೇರೆ ಮಾತು. ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪುಸ್ತಕದಲ್ಲಿ ಅಜ್ಜಿ ಮಾಡುತ್ತಾರೆ. ಹೆಸರಿನಷ್ಟೇ ಉದ್ದದ ನಾಲ್ಕು ಪದಗಳನ್ನು ಒಂದೇ ದನಿಯಲ್ಲಿ, ನಡುನಡುವೆ ಸ್ವಲ್ಪ ಬಿಟ್ಟು ಹೇಳಬೇಕು: ಬಟ್ಟಲು, ಸಕ್ಕರೆ, ಹಿತ್ತಲು, ಮುತ್ತುಗ. ಕೇಳುತ್ತಾ ಹೋದಂತೆ ಬೆಕ್ಕಿಗೆ ಬೇಸರ ಹಿಡಿದು ಕಿವಿ ಅಲುಗಿಸುವುದು ನಿಲ್ಲುತ್ತದೆ. ಐದನೆಯದಾಗಿ ಅದೇ ದನಿಯಲ್ಲಿ ಪುಟ್ಟಕ್ಕ ಎನ್ನಬೇಕು. ಕಿವಿ ತಿರುಗಿದರೆ, ತಲೆ ಎತ್ತಿದರೆ ಉತ್ತರ ಸಿಕ್ಕಿತು. ಊಟದ ಹೊತ್ತಿನಲ್ಲಿ ಮಾಡಬೇಡಿ, ಆಗ ಸಕ್ಕರೆ ಎಂದರೂ ಓಡಿಬರುತ್ತದೆ. ತಟ್ಟೆಯ ಸದ್ದು ಯಾವ ಹೆಸರಿಗಿಂತಲೂ ದೊಡ್ಡದು.

ಮಗಳಿಗೆ ಬೆಕ್ಕಿನ ಅಲರ್ಜಿ. ರೋಮ ಕಡಿಮೆ ಇರುವ ಬೆಕ್ಕು ತರಬಹುದೇ?

ತೊಂದರೆ ಕೊಡುವುದು ಮುಖ್ಯವಾಗಿ ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಒಂದು ಪ್ರೋಟೀನ್. ಮೈ ನೆಕ್ಕಿದಾಗ ಅದು ರೋಮಕ್ಕೆ ಅಂಟಿ, ಒಣಗಿ, ಗಾಳಿಗೆ ಸೇರುತ್ತದೆ. ರೋಮವಿಲ್ಲದ ಬೆಕ್ಕಿಗೂ ಜೊಲ್ಲು ಇದೆ. ಮಗಳು ಪುಸ್ತಕ ಓದಲಿ, ಬೇಕಾದರೆ ಬಸ್ ನಿಲ್ದಾಣದ ಹೋಟೆಲಿನ ಬೆಕ್ಕನ್ನು ದೂರದಿಂದ ನೋಡಿ ಪಟ್ಟಿ ಬರೆಯಲಿ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏನು ಮಾಡುತ್ತಿತ್ತು ಎಂದು. ಮಧ್ಯಾಹ್ನದ ಸಾಲಿನಲ್ಲಿ ನಿದ್ದೆ ಎಂಬ ಪದವೇ ಹೆಚ್ಚು ಬರುತ್ತದೆ, ಅದೂ ದತ್ತಾಂಶವೇ.

ಶಾಲೆಯಲ್ಲಿ ಪಾಠಕ್ಕೆ ಬಳಸಬಹುದೇ?

ಧಾರಾಳವಾಗಿ. ಪ್ರಶ್ನೆಪತ್ರಿಕೆ ಮಾತ್ರ ಮಾಡಬೇಡಿ.

ನಾಯಿಯ ಪುಸ್ತಕ ಯಾವಾಗ?

ನಾಯಿ ಸಾಕಿದವರೇ ಇದನ್ನು ಕೇಳುತ್ತಾರೆ, ಸ್ವಲ್ಪ ಮುನಿಸಿನಿಂದ. ಚಿತ್ರಕಾರರ ಮನೆಯಲ್ಲಿ ಬೆಕ್ಕುಗಳೇ ಇರುವುದರಿಂದ ಸದ್ಯಕ್ಕೆ ಕರಡು ಚಿತ್ರಕ್ಕೂ ನಾಯಿ ಸಿಕ್ಕಿಲ್ಲ. ಮೂಡಿಗೆರೆಯ ಕಡೆಯಿಂದ ಒಬ್ಬ ಹುಡುಗ ತನ್ನ ನಾಯಿಯ ಮೂಗನ್ನು ಮೂರು ಕೋನದಿಂದ ಬರೆದು ಕಳಿಸಿದ್ದಾನೆ. ಚಿತ್ರ ಚೆನ್ನಾಗಿದೆ, ಬಾಲವನ್ನೂ ಬರೆದು ಕಳಿಸಲು ಹೇಳಿದ್ದೇವೆ.